ಮಾವನ ದನಿಗಾಗಿ ಸುತ್ತಿದ ಭಾನುವಾರಗಳು

ಭಾನುವಾರ ಎಂದರೆ ನನಗೆ ಈಗಲೂ ಮೊದಲು ನೆನಪಾಗುವುದು ಕಾಲುನೋವು. ರಜೆಯಲ್ಲ, ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಕೂರುವುದಲ್ಲ, ಊಟ ಮಾಡಿ ಅಡ್ಡಾಗುವುದೂ ಅಲ್ಲ. ಎರಡು ವರ್ಷದ ಹಿಂದೆ, ಯುಗಾದಿಯಿಂದ ಹಿಡಿದು ದೀಪಾವಳಿ ಕಳೆಯುವ ತನಕ ನಾನು ಒಂದೇ ಒಂದು ಭಾನುವಾರವನ್ನೂ ಮನೆಯಲ್ಲಿ ಕಳೆಯಲಿಲ್ಲ. ಮೈಸೂರಿನಲ್ಲಿ ಎಲ್ಲಿ ಪರದೆ ಏಳುತ್ತದೋ, ಎಲ್ಲಿ ತಂಬೂರಿ ಶ್ರುತಿ ಹಿಡಿಯುತ್ತದೋ ಅಲ್ಲಿ ನಾವು ಮೂವರು ಹಾಜರು. ನಾನು, ನನ್ನ ಅಕ್ಕ ರತ್ನ, ಮತ್ತು ನಮ್ಮ ಮಾವ.

ಹೋದ ವಾರ ಪಾಂಡವಪುರದ ಗ್ರಂಧಿಗೆ ಅಂಗಡಿಯಲ್ಲಿ ಮೆಣಸು, ಜೀರಿಗೆ ಕಟ್ಟಿಸುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಹೆಂಗಸೊಬ್ಬರಿಗೆ ಅಂಗಡಿಯವರು ಅತಿಮಧುರದ ಕಡ್ಡಿ ತೂಗುತ್ತಿದ್ದರು. ಆ ಸಿಹಿ, ಮಣ್ಣುಮಣ್ಣು ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಮೊಣಕಾಲು ಹಿಡಿದುಕೊಂಡಂತಾಯಿತು. ಅದು ಮಾವನ ಅಂಗಿ ಜೇಬಿನ ವಾಸನೆ. ನಾಟಕ ಆಡುವವರು ಗಂಟಲಿಗೆಂದು ಆ ಕಡ್ಡಿಯನ್ನು ಅಗಿಯುತ್ತಿರುತ್ತಾರೆ. ಮನೆಗೆ ಬಂದು ಕೂತೆ, ಆ ವರ್ಷವೆಲ್ಲ ಒಂದರ ಹಿಂದೊಂದು ನೆನಪಾಯಿತು. ಬರೆದಾದರೂ ಭಾರ ಇಳಿಸಿಕೊಳ್ಳೋಣ ಅನ್ನಿಸಿತು.

ಮಾವ ಎಂದರೆ ನಮ್ಮವ್ವನ ಕೊನೆಯ ತಮ್ಮ. ನಮ್ಮ ಕಡೆಯ ಪದ್ಧತಿಯಂತೆ ಅಕ್ಕನನ್ನು ಅವನಿಗೇ ಕೊಟ್ಟರು. ಹಾಗಾಗಿ ಅವಳಿಗೂ ಮಾವ, ನನಗೂ ಮಾವ. ಅಕ್ಕ ಚಿಕ್ಕವಳಾಗಿದ್ದಾಗ ಅವನನ್ನು ಹೇಗೆ ಹೋಗು ಬಾ ಅನ್ನುತ್ತಿದ್ದಳೋ ಮದುವೆಯಾದ ಮೇಲೂ ಹಾಗೇ ಮಾತಾಡಿಸುತ್ತಾಳೆ. ಚಿನಕುರಳಿಯ ಹತ್ತಿರ ಅವರಿಗೆ ಗದ್ದೆ, ಒಂದಿಷ್ಟು ಕಬ್ಬು, ಮೂರು ಸೀಮೆಹಸು. ಇದು ಬದುಕು. ಆದರೆ ಮಾವನನ್ನು ಕೇಳಿದರೆ ಅವನ ಬದುಕು ಪೌರಾಣಿಕ ನಾಟಕ. ಗದೆ ಹಿಡಿಯುವ ಪಾತ್ರ ಮೂವತ್ತು ವರ್ಷ ಅವನದೇ ಆಗಿತ್ತು. ನಾಗಮಂಗಲದ ಕಡೆಯವರು, ಕೆ.ಆರ್. ಪೇಟೆ ಕಡೆಯವರು ಮನೆ ಹುಡುಕಿಕೊಂಡು ಬಂದು ಕರೆದುಕೊಂಡು ಹೋಗುತ್ತಿದ್ದರು. ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳಿಸುವ ಗಂಟಲು ಅದು. ಹಾಡು ಹಿಡಿಸಿದರೆ ನಮ್ಮ ಜನ ಸುಮ್ಮನಿರುವುದಿಲ್ಲ, ಒನ್ಸ್ ಮೋರ್ ಎಂದು ಕೂಗುತ್ತಾರೆ. ಪಾತ್ರಧಾರಿ ಮತ್ತೆ ಹಾಡಲೇಬೇಕು. ಯುದ್ಧದಲ್ಲಿ ಸತ್ತು ಬಿದ್ದವನಾದರೂ ಎದ್ದು ಕಿರೀಟ ಸರಿಮಾಡಿಕೊಂಡು ಇನ್ನೊಂದು ಸಲ ಹಾಡಿ ಮತ್ತೆ ಸಾಯಬೇಕು. ಮಾವ ಒಂದು ಊರಿನಲ್ಲಿ ಹೀಗೆ ಮೂರು ಸಲ ಸತ್ತಿದ್ದ. ಅದನ್ನು ಅವನು ಹೇಳದ ಹಬ್ಬವಿಲ್ಲ.

ಆ ಗಂಟಲಿನಲ್ಲೇ ಗಡ್ಡೆ ಬಂತು. ಮೈಸೂರಿನಲ್ಲಿ ಆಪರೇಷನ್ ಆಯಿತು. ಪ್ರಾಣಕ್ಕೆ ಏನೂ ಭಯವಿಲ್ಲ ಎಂದ ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದರು. ಹಳೆಯ ದನಿ ಬರುವುದಿಲ್ಲ, ಒರಟು ದನಿಯೊಂದು ಬರುತ್ತದೆ, ಆದರೆ ದಿನವೂ ಮಾತಾಡಿ ರೂಢಿ ಮಾಡಿಕೊಂಡರೆ ಮಾತ್ರ. ಸುಮ್ಮನೆ ಬಿಟ್ಟರೆ ಒಂದು ವರ್ಷದಲ್ಲಿ ಅದೂ ಹೋಗಿಬಿಡಬಹುದು. ಮಾವ ಹೂಂ ಎಂದು ತಲೆಯಾಡಿಸಿದ. ಊರಿಗೆ ಬಂದವನು ಒಂದು ದಿನ ಕೊಟ್ಟಿಗೆಯೊಳಗೆ ಹೋಗಿ, ಯಾರೂ ಇಲ್ಲವೆಂದುಕೊಂಡು, ಒಂದು ಸಾಲು ಹಾಡಲು ನೋಡಿದನಂತೆ. ಹಿಂದುಗಡೆ ಸಗಣಿ ಬಾಚುತ್ತಿದ್ದ ಅಕ್ಕನ ಕಿವಿಗೆ ಬಿದ್ದದ್ದು ಅದೇ ಕೊನೆ. ಆಮೇಲೆ ಬಾಯಿಗೆ ಬೀಗ. ಮಕ್ಕಳ ಸ್ಲೇಟೊಂದನ್ನು ತರಿಸಿಕೊಂಡ. ಬೇಕಾದ್ದು ಬೇಡವಾದ್ದು ಎಲ್ಲ ಬಳಪದಲ್ಲಿ.

ಅಕ್ಕ ಗೋಗರೆದಳು, ಬೈದಳು, ಹರಕೆ ಹೊತ್ತಳು. ಏನೂ ಆಗಲಿಲ್ಲ. ಕೊನೆಗೆ ಅವಳಿಗೆ ಒಂದು ಯೋಚನೆ ಹೊಳೆಯಿತು. ನಾಟಕ, ಹಾಡು ನೋಡುತ್ತಾ ನೋಡುತ್ತಾ ಇವನಿಗೂ ಆಸೆ ಹುಟ್ಟುತ್ತದೆ, ತಡೆಯಲಾರದೆ ಬಾಯಿ ಬಿಡುತ್ತಾನೆ ಎಂದು. ಊರ ಕಡೆಯ ನಾಟಕಕ್ಕೆ ಕರೆದುಕೊಂಡು ಹೋದರೆ ಎಲ್ಲರೂ ಅವನನ್ನು ನೋಡಿ ಅಯ್ಯೋ ಪಾಪ ಅನ್ನುತ್ತಾರೆ, ಅದು ಬೇಡ. ಗುರುತಿಲ್ಲದ ಮೈಸೂರೇ ಸರಿ. ನಾನು ಶ್ರೀರಂಗಪಟ್ಟಣದಲ್ಲಿ ಸ್ಕೂಲ್ ಮೇಡಂ, ಪೇಪರ್ ಓದುವವಳು, ಮೈಸೂರಿನ ದಾರಿ ಗೊತ್ತಿರುವವಳು. ಆದ್ದರಿಂದ ಈ ಯಜ್ಞಕ್ಕೆ ನಾನೇ ಪುರೋಹಿತೆ.

"ನೀನೊಬ್ಳು ಜೊತ್ಗಿದ್ರೆ ಅವ್ನು ಬತ್ತನೆ ಕಣೆ. ನನ್ನೊಬ್ಬಳ ಮಾತು ಕೇಳಕಿಲ್ಲ," ಅಂದಳು.

ಇಲ್ಲ ಅನ್ನಲು ಬಾಯಿ ಬರಲಿಲ್ಲ. ನಮ್ಮ ಮನೆಯವರು ಆಗ ಹಾಸನದಲ್ಲಿ ಕೆಲಸದಲ್ಲಿದ್ದರು. ವಾರಕ್ಕೊಮ್ಮೆ, ಭಾನುವಾರ ಮಾತ್ರ ಊರಿಗೆ ಬರುತ್ತಿದ್ದರು. ನಾನು ಬೆಳಿಗ್ಗೆ ಅವರಿಗೆ ಬಾಗಿಲು ತೆಗೆದು, ಅಡಿಗೆ ಮುಚ್ಚಿಟ್ಟು, ಮಧ್ಯಾಹ್ನದ ಬಸ್ಸಿಗೆ ಓಡುತ್ತಿದ್ದೆ. ವಾಪಸು ಬರುವ ಹೊತ್ತಿಗೆ ಅವರು ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟಿರುತ್ತಿದ್ದರು. ಎಷ್ಟೋ ವಾರ ನಮ್ಮ ಸಂಸಾರ ಬಸ್‌ಸ್ಟ್ಯಾಂಡಿನಲ್ಲೇ ನಡೆಯಿತು.

ಅಕ್ಕನ ತಯಾರಿ ಎಂದರೆ ತಯಾರಿ. ಪೇಪರಿನಲ್ಲಿ ಬರುವ 'ನಗರದಲ್ಲಿ ಇಂದು' ಪಟ್ಟಿಯನ್ನು ಓದಿ ಹೇಳು ಎಂದು ಶನಿವಾರ ಸಂಜೆಯೇ ಫೋನು ಮಾಡುತ್ತಿದ್ದಳು. ಪಟ್ಟಿ ಅಂದಿನದು, ನಾಳೆಯದಲ್ಲ ಎಂದರೆ ನಾಳೆಯದು ಯಾರನ್ನಾದರೂ ಕೇಳಿಡು ಅನ್ನುತ್ತಿದ್ದಳು. ಎದುರುಮನೆಯ ಸಾಕಮ್ಮನಿಗೆ ಸಂಜೆ ಹಾಲು ಕರೆದು ಡೈರಿಗೆ ಹಾಕಲು ಒಪ್ಪಿಸಿ, ಕೆ.ಆರ್. ಪೇಟೆ ಕಡೆಯಿಂದ ಬರುವ ಬಸ್ಸು ಹತ್ತಿ, ನನಗೊಂದು ಸೀಟಿಗೆ ತನ್ನ ಬ್ಯಾಗು ಇಟ್ಟುಕೊಂಡು ಬರುತ್ತಿದ್ದಳು. ಆ ಬ್ಯಾಗಿಗಾಗಿ ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೆ ಎಷ್ಟು ಜನರ ಜೊತೆ ಜಗಳವಾಡಿದ್ದಳೋ. ನಮ್ಮಿಬ್ಬರಿಗೂ ಫ್ರೀ, ಮಾವನೊಬ್ಬನಿಗೆ ಟಿಕೆಟ್ಟು. ಎಲ್ಲಿಗೆ ಎಂದು ಕಂಡಕ್ಟರು ಅವನನ್ನು ಕೇಳಿದರೆ ಅಕ್ಕ ಹೇಳುತ್ತಿದ್ದಳು. ಹೋಟೆಲಿನಲ್ಲಿ ಏನು ಬೇಕು ಎಂದರೂ ಅಕ್ಕನೇ. ಅವ್ನಿಗೆ ಸೆಟ್ ದೋಸೆ, ಕಾಫಿ ಬ್ಯಾಡ, ಟೀ. ನಾನೂ ಹಾಗೇ ಮಾಡುತ್ತಿದ್ದೆ. ಮಾತಾಡಲಿ ಎಂದು ಕರೆದುಕೊಂಡು ಹೊರಟವರು ನಾವೇ ಅವನ ಪಾಲಿನ ಮಾತನ್ನೆಲ್ಲ ಆಡಿ ಮುಗಿಸುತ್ತಿದ್ದೆವು. ಆಗ ಇದು ತಲೆಗೆ ಹೊಳೆಯಲೇ ಇಲ್ಲ.

ಏನೇನು ನೋಡಿದೆವೋ! ಬೇಸಿಗೆಯಲ್ಲಿ ಮಕ್ಕಳ ಶಿಬಿರದ ನಾಟಕಗಳು, ಕೊಳಲು, ವೀಣೆ, ಜಾದೂ. ಗುರುತು ಪರಿಚಯ ಇಲ್ಲದವರ ಮಗಳ ರಂಗಪ್ರವೇಶಕ್ಕೆ ಹೋಗಿ ಮೂರು ಗಂಟೆ ಕೂತು, ನಡುವೆ ಐದು ಸಲ ಬಟ್ಟೆ ಬದಲಾಯಿಸಿಕೊಂಡು ಬಂದ ಆ ಮಗುವಿಗೆ ಚಪ್ಪಾಳೆ ತಟ್ಟಿ, ಅವರು ಕೊಟ್ಟ ಕೇಸರಿಬಾತು ತಿಂದು ಬಂದೆವು. ಹುಡುಗಿಯ ತಾಯಿ ನಮ್ಮನ್ನು ತಮ್ಮ ಗಂಡನ ಕಡೆಯವರೆಂದು ತಿಳಿದು ಊಟಕ್ಕೂ ನಿಲ್ಲಿಸಿಕೊಂಡರು. ಪುಸ್ತಕ ಬಿಡುಗಡೆಗೂ ಹೋದೆವು, ಅಲ್ಲಿ ಮೊದಲಿಗೆ ಹಾಡಿತ್ತು ಎಂಬ ಕಾರಣಕ್ಕೆ. ಕಾರ್ಯಕ್ರಮ ಇಲ್ಲದ ವಾರ ಮೃಗಾಲಯ, ವಸ್ತುಪ್ರದರ್ಶನ. ಒಂದು ವಾರ ಮೈಸೂರು ಬಿಟ್ಟು ನಮ್ಮ ಕಡೆಯದೇ ತೊಣ್ಣೂರು ಕೆರೆ. ಮಳೆಗಾಲದಲ್ಲಿ ಒದ್ದೆ ಸೀರೆಯಲ್ಲೇ ಹಾಲ್‌ನೊಳಗೆ ಕೂತು, ಫ್ಯಾನಿನ ಗಾಳಿಗೆ ನನಗೆ ಹದಿನೈದು ದಿನ ಕೆಮ್ಮು. ದಸರಾದಲ್ಲಂತೂ ಅರಮನೆ ಮುಂದೆ ಜಾಗ ಹಿಡಿಯಲು ಊಟ ಬಿಟ್ಟು ಹೋಗಿ ಕೂತು, ಎದುರು ನಿಂತವರ ಬೆನ್ನನ್ನೇ ನೋಡಿ ಎದ್ದು ಬಂದೆವು.

ಇಷ್ಟೆಲ್ಲದರಲ್ಲಿ ಅಕ್ಕ ನೋಡುತ್ತಿದ್ದದ್ದು ರಂಗಸ್ಥಳವನ್ನಲ್ಲ, ಮಾವನ ಮುಖವನ್ನು. ಅವನ ಗಂಟಲು ಸ್ವಲ್ಪ ಆಡಿದರೆ ನನ್ನ ತೊಡೆ ಚಿವುಟುತ್ತಿದ್ದಳು. ಅವನು ಆಕಳಿಸಲು ಬಾಯಿ ತೆರೆದರೂ ಇವಳ ಜೀವ ಮೇಲೆ ಕೆಳಗೆ. ಬಸ್ಸಿನಲ್ಲಿ ಬರುವಾಗ ಎಂಗಿತ್ತು ಮಾವ ಎಂದು ಕೇಳುವಳು. ಅವನು ಸ್ಲೇಟು ತೆಗೆದು 'ಚೆನ್ನಾಗಿತ್ತು' ಎಂದು ಬರೆದು ತೋರಿಸುವನು. ವಾರವಾರವೂ ಅದೇ ಒಂದು ಪದ. ಅಳಿಸುವ ಗೋಜಿಗೂ ಹೋಗದೆ ಹಿಂದಿನ ವಾರದ್ದನ್ನೇ ತೋರಿಸುತ್ತಾನೇನೋ ಎಂದು ನನಗೆ ಒಮ್ಮೊಮ್ಮೆ ಗುಮಾನಿ.

ನನಗೆ ಸಾಕುಸಾಕಾಗಿತ್ತು. ಮೂವರಲ್ಲಿ ಯಾರಿಗೂ ಬೇಡವಾದ ತಿರುಗಾಟವನ್ನು ಮೂವರೂ ಇನ್ನಿಬ್ಬರಿಗಾಗಿ ನಡೆಸುತ್ತಿದ್ದೇವೆ ಅನ್ನಿಸುತ್ತಿತ್ತು. ಆದರೆ ಸ್ಟಾಫ್ ರೂಮಿನಲ್ಲಿ ನನ್ನ ಕೀರ್ತಿಯೇ ಬೇರೆ. ಎಷ್ಟೊಂದು ಕಾರ್ಯಕ್ರಮಕ್ಕೆ ಹೋಗ್ತೀರಿ ಮೇಡಂ, ಲೈಫ್ ಅಂದ್ರೆ ನಿಮ್ದು ಎಂದು ಜೊತೆಯವರು ಹೊಟ್ಟೆಕಿಚ್ಚು ಪಡುತ್ತಿದ್ದರು. ನಾನೂ ಸುಮ್ಮನೆ ನಗುತ್ತಾ ಆ ಹೊಗಳಿಕೆಯನ್ನು ಜೇಬಿಗೆ ಹಾಕಿಕೊಳ್ಳುತ್ತಿದ್ದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ.

ದೀಪಾವಳಿ ಕಳೆದ ಮೊದಲ ಭಾನುವಾರ ನಾಲ್ಕು ಗಂಟೆಗೆ ಒಂದು ನಾಟಕವಿತ್ತು. ಹೊಸ ಕಾಲದ್ದು. ಕಿರೀಟ, ಗದೆ ಏನೂ ಇಲ್ಲ. ಒಂದು ಮಂಚ, ಒಂದು ಕಿಟಕಿ. ಮಗನನ್ನು ಕಳೆದುಕೊಂಡ ಅಪ್ಪನ ಪಾತ್ರ ಮಾಡಿದ ವಯಸ್ಸಾದ ನಟ, ಮಗನ ಅಂಗಿ ಮಡಚುತ್ತಾ ಒಂದು ಜೋಗುಳ ಹಾಡಿದರು. ವಾದ್ಯವಿಲ್ಲ, ಮೈಕಿಲ್ಲ. ಹಾಲ್‌ನಲ್ಲಿ ಉಸಿರು ಬಿಡುವ ಸದ್ದೂ ಇಲ್ಲ. ಅಕ್ಕನ ಕೈ ನನ್ನ ತೊಡೆಯ ಮೇಲಿಲ್ಲ ಎಂದು ಗಮನಿಸಿ ತಿರುಗಿದೆ. ಆ ವರ್ಷ ಮೊದಲ ಸಲ ಅವಳು ಮಾವನನ್ನು ಮರೆತು ರಂಗದ ಕಡೆ ನೋಡುತ್ತಿದ್ದಳು, ಕೆನ್ನೆ ತೋಯ್ದಿತ್ತು. ಹಾಡು ಮುಗಿಯಿತು. ನಾನು ತಡೆಯುವ ಮೊದಲೇ ಎದ್ದು ನಿಂತವಳು ಚಪ್ಪಾಳೆ ತಟ್ಟಿ, ನಮ್ಮ ಬಯಲಿನಲ್ಲಿ ಕೂಗುವ ಹಾಗೆ, "ವನ್ಸ್ ಮೋರ್" ಎಂದು ಕೂಗಿದಳು.

ಇಡೀ ಹಾಲ್ ತಿರುಗಿತು. ಯಾರೋ ಕಿಸಕ್ಕೆಂದರು. ಆ ನಟರ ಕೈಯಲ್ಲಿದ್ದ ಅಂಗಿ ಒಂದು ಕ್ಷಣ ನಿಂತು ಮತ್ತೆ ಮಡಚಿಕೊಂಡಿತು. ಬ್ಯಾಡ್ಜು ಹಾಕಿದ ಹುಡುಗಿಯೊಬ್ಬಳು ಬಗ್ಗಿ ಬಗ್ಗಿ ಬಂದು, ಆಂಟಿ, ಇಲ್ಲಿ ಹಾಗೆಲ್ಲ ಕೂಗಬಾರದು ಎಂದು ಪಿಸುಗುಟ್ಟಿದಳು. ಅಕ್ಕ ಪಕ್ಕಕ್ಕೆ ನೋಡಿದಳು. ಮಾವನ ಸೀಟು ಖಾಲಿ.

ಹೊರಗೆ ಇನ್ನೂ ಬಿಸಿಲಿತ್ತು. ಗೇಟಿನ ಹತ್ತಿರ ಮರದ ಕಟ್ಟೆಯ ಮೇಲೆ ಕೂತಿದ್ದ. ಅಕ್ಕ ಹತ್ತಿರ ಹೋಗಿ, ತಪ್ಪಾಯ್ತು ಮಾವ, ಗ್ಯಾನ ಇರ್ನಿಲ್ಲ, ಅವಮಾನ ಮಾಡ್ಬುಟ್ಟೆ ಅಂದಳು. ಜನರೆದುರು ನಾಚಿಕೆಯಾಗಿ ಎದ್ದು ಬಂದ ಎಂದೇ ನಾನೂ ತಿಳಿದಿದ್ದೆ. ಅವನು ಸ್ಲೇಟು ತೆಗೆದು ಬಳಪ ಮುರಿಯುವಂತೆ ಒತ್ತಿ ಬರೆದ.

'ಮೂವತ್ತು ವರ್ಷ ಆಡಿದೆ. ನನಗೆ ಒಂದು ದಿನ ಕೂಗಿದ್ಯಾ?'

ಅಕ್ಕ ಅದನ್ನು ಓದಿದಳು. ನಿಧಾನವಾಗಿ ಕಟ್ಟೆಯ ಇನ್ನೊಂದು ತುದಿಗೆ ಕೂತಳು.

"ನೋಡಿದ್ರೆ ತಾನೆ ಮಾವ ಕೂಗದು? ನೀನು ನೋಡಕ್ಕೆ ಬುಟ್ಟಿದ್ರೆ ತಾನೆ?"

ಅದು ನಿಜ. ಅವರ ನಾಟಕದವರಲ್ಲಿ ಒಂದು ನಂಬಿಕೆಯಿತ್ತು, ಹೆಂಡತಿ ಎದುರಿಗೆ ಕೂತರೆ ಪಾತ್ರಧಾರಿಗೆ ಮಾತು ಮರೆತುಹೋಗುತ್ತದೆ ಎಂದು. ಮಾವ ಅದನ್ನು ಬಹಳ ನಿಷ್ಠೆಯಿಂದ ಪಾಲಿಸಿದ್ದ. ನಂಬಿಕೆ ಇಲ್ಲದಿದ್ದರೂ ಅವಳಿಗೆ ಪುರುಸೊತ್ತೆಲ್ಲಿತ್ತು? ತಾಲೀಮು ಅವರ ಜಗುಲಿಯಲ್ಲೇ ನಡೆಯುತ್ತಿತ್ತು. ನಾಟಕದ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತರೆ ಹದಿನೈದು ಜನಕ್ಕೆ ಕಾಫಿ. ನಾಟಕದ ದಿನ ಅಷ್ಟೂ ಜನಕ್ಕೆ ಅಡಿಗೆ. ಅವರು ಹೊರಟ ಮೇಲೆ ಪಾತ್ರೆ, ಹಸು, ಆಗ ಚಿಕ್ಕವರಿದ್ದ ಮಕ್ಕಳು.

"ನಿನ್ನ ಹಾಡ್ನೆಲ್ಲ ಒಲೆ ಮುಂದೆ ಕುಂತ್ಕಂಡು ಕೇಳಿವ್ನಿ. ಮುಖ ಎಂಗಿರ್ತಿತ್ತು ಅಂತ ಯಾರಾನ ಕೇಳುದ್ರೆ ಯೋಳಕ್ಕೆ ನಂಗೆ ಬರಕಿಲ್ಲ. ಫೋಟೋದಲ್ಲಿ ನೋಡಿರದೆಯ," ಅಂದಳು. ಸಿಟ್ಟಿನಿಂದ ಹೇಳಲಿಲ್ಲ, ಸುಸ್ತಾದವರು ಹೇಳುವ ಹಾಗೆ ಹೇಳಿದಳು.

ಮಾವ ಅಂಗಿಯ ತೋಳಿನಿಂದ ಸ್ಲೇಟು ಒರೆಸಿದ. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೊರಟ. ಬಸ್ಸಿನಲ್ಲಿ ಅವನು ಹಿಂದೆ ಕೂತ, ನಾವಿಬ್ಬರು ಮುಂದೆ ಕೂತೆವು. ಶ್ರೀರಂಗಪಟ್ಟಣದಲ್ಲಿ ಇಳಿಯುವಾಗ ಹುಷಾರು ಎಂದೆ. ಯಾರಿಗೆ ಹೇಳಿದೆನೋ ನನಗೇ ಗೊತ್ತಾಗಲಿಲ್ಲ.

ಅಲ್ಲಿಗೆ ನಮ್ಮ ಭಾನುವಾರಗಳು ನಿಂತವು. ಶನಿವಾರ ಅಕ್ಕನ ಫೋನು ಬರಲಿಲ್ಲ, ಮುಂದಿನ ಶನಿವಾರವೂ ಇಲ್ಲ. ನಿಜ ಹೇಳಿಬಿಡುತ್ತೇನೆ, ನನಗೆ ಮೊದಲು ಆದದ್ದು ಸಮಾಧಾನ. ಮನೆಯವರ ಜೊತೆ ಕೂತು ಬಿಸಿ ಮುದ್ದೆ ಉಂಡೆ, ಮಧ್ಯಾಹ್ನ ನಿದ್ದೆ ಹೊಡೆದೆ. ಆಮೇಲೆ ಡಾಕ್ಟರು ಹೇಳಿದ್ದ ಒಂದು ವರ್ಷದ ಮಾತು ನೆನಪಾಗಿ ಎದ್ದು ಕ್ಯಾಲೆಂಡರಿನ ಹಾಳೆ ತಿರುವುತ್ತಿದ್ದೆ. ವರ್ಷ ಮುಗಿಯಲು ಬಂದಿತ್ತು. ಅಷ್ಟೊಂದು ಸುತ್ತಿ ಸುತ್ತಿ ಅವನ ಬಾಯಿಂದ ಒಂದಕ್ಷರ ಹೊರಡಿಸಲಾಗಲಿಲ್ಲ, ಮೇಲಾಗಿ ಗಂಡ ಹೆಂಡತಿಯ ನಡುವೆ ಮುಚ್ಚಿಹೋಗಿದ್ದ ಹಳೆಯ ಗಾಯ ಕೆದಕಿ ಬಂದಿದ್ದೆವು. ಸಾಕಮ್ಮನನ್ನು ವಿಚಾರಿಸಿದರೆ, ಅವರು ಜಗಳವನ್ನೇನೂ ಆಡುತ್ತಿಲ್ಲ, ಆದರೆ ಸ್ಲೇಟೂ ಗೂಡಿನಿಂದ ಕೆಳಗೆ ಇಳಿದಿಲ್ಲ ಅಂದಳು.

ಸಂಕ್ರಾಂತಿ ಮುಗಿದ ವಾರ ಸ್ಕೂಲಿನ ಜೊತೆಯವರೊಬ್ಬರು ಮೂರು ಪಾಸು ಕೊಟ್ಟರು. ಅವರ ತಮ್ಮನ ನಾಟಕ, ಭಾನುವಾರ ಮಧ್ಯಾಹ್ನ ಮೂರೂವರೆಗೆ. ನನಗೆ ಮನಸ್ಸಿರಲಿಲ್ಲ. ಆದರೂ ಪಾಸಿನ ನೆಪದಲ್ಲಿ ಇಬ್ಬರ ಮುಖ ನೋಡಿಕೊಂಡು ಬರೋಣವೆಂದು ಬೆಳಿಗ್ಗೆಯೇ ಚಿನಕುರಳಿಗೆ ಹೋದೆ. ಕಲ್ಲು ಹೊತ್ತ ಟಿಪ್ಪರುಗಳು ಎಬ್ಬಿಸಿದ ದೂಳಿನಲ್ಲಿ ನಡೆದು ಮನೆ ಸೇರಿದರೆ ಮಾವ ಅಂಗಳದಲ್ಲಿ ಮೇವು ಕತ್ತರಿಸುತ್ತಿದ್ದ. ಅಕ್ಕ ಒಳಗೆ ಒಲೆಯ ಮುಂದಿದ್ದಳು. ಬಾಗಿಲಲ್ಲಿ ನಿಂತೇ ವಿಷಯ ಹೇಳಿದೆ. ಮಾವ ಬಂದ್ರೆ ಬತ್ತೀನಿ, ಇಲ್ದಿದ್ರೆ ಇಲ್ಲ ಎಂದು ಅವಳು ಒಳಗಿನಿಂದಲೇ ಅಂದಳು. ನಾನು ಮಾವನ ಕಡೆ ತಿರುಗಿದೆ. ಅವನು ಮಚ್ಚು ಕೆಳಗಿಟ್ಟ. ಸ್ಲೇಟು ತರಲು ಏಳುತ್ತಾನೆ ಅಂದುಕೊಂಡೆ.

"ನಂಗೆ ಸಾಕಾಗದೆ ಕಣವ್ವ," ಅಂದ.

ಒಣಗಿದ ಕಬ್ಬಿನ ಸೋಗೆಯ ಮೇಲೆ ಕಾಲಿಟ್ಟರೆ ಬರುತ್ತದಲ್ಲ, ಅಂಥ ಸದ್ದು. ಒಂದೊಂದು ಪದಕ್ಕೂ ಉಸಿರು ಎಳೆದುಕೊಳ್ಳುತ್ತಿದ್ದ, ಕತ್ತಿನ ನರ ಉಬ್ಬುತ್ತಿತ್ತು. ಆದರೆ ಮಾತು ಸ್ಪಷ್ಟವಾಗಿತ್ತು.

"ಬ್ಯಾರೆಯವ್ರು ಹಾಡದ ನೋಡೀ ನೋಡೀ ಸಾಕಾಗದೆ. ನನ್ನ ಬುಟ್ಬುಡಿ. ಅವ್ಳ ಕರ್ಕಂಡೋಗು. ಇವತ್ತು ಹಾಲು ನಾನು ಕರೀತೀನಿ."

ಅವನ ಬಾಯಿಂದ ಒಂದು ಮಾತು ಬರಲಿ ಎಂದು ಅಷ್ಟು ಭಾನುವಾರ ಸುತ್ತಿದ್ದೆವು. ಬಂದ ಮಾತು ನನ್ನನ್ನು ಬಿಟ್ಟುಬಿಡಿ ಎಂದು. ನಗಬೇಕೋ ಅಳಬೇಕೋ ತಿಳಿಯದೆ ಪಾಸುಗಳನ್ನು ಹಿಡಿದುಕೊಂಡು ನಿಂತೆ. ಅಕ್ಕ ಹೊಸ್ತಿಲಿಗೆ ಬಂದಳು, ಕೈಯೆಲ್ಲ ಹಿಟ್ಟು. ಅವನ ಮುಖವನ್ನು ನೋಡಿದಳು. ದನಿ ಬಂತು ಅನ್ನಲಿಲ್ಲ, ದೇವರೇ ಅನ್ನಲಿಲ್ಲ. "ಕೆಂದ ಹಸ ಒದೀತದೆ, ವಸಿ ನೋಡ್ಕ," ಎಂದಷ್ಟೇ ಹೇಳಿ ಸೀರೆ ಬದಲಾಯಿಸಲು ಒಳಗೆ ಹೋದಳು. ಕೋಣೆಯಿಂದ ಅವಳು ಬಿಕ್ಕುವುದು ನನಗೆ ಕೇಳಿಸಿತು. ಅಂಗಳದಲ್ಲಿದ್ದ ಮಾವನಿಗೂ ಕೇಳಿಸಿರಬೇಕು, ಕತ್ತರಿಸಿದ ಮೇವನ್ನೇ ಮತ್ತೆ ಕತ್ತರಿಸುತ್ತಿದ್ದ.

ನಾವಿಬ್ಬರೇ ಮೈಸೂರಿನ ಬಸ್ಸು ಹತ್ತಿದೆವು. ನಾಟಕ ಸಾಧಾರಣವಾಗಿತ್ತು. ತುಂಬ ಕೂಗಾಟ, ನನಗೆ ಕಣ್ಣು ಎಳೆಯುತ್ತಿತ್ತು. ಅಕ್ಕ ಮಾತ್ರ ಬೆನ್ನು ಒರಗಿಸದೆ ಕೂತು, ರಂಗದಿಂದ ಕಣ್ಣು ಕೀಳದೆ ನೋಡಿದಳು. ಅವಳ ಪಕ್ಕದ ಸೀಟಿನಲ್ಲಿ ಕಾಯಬೇಕಾದ ಮುಖ ಇರಲಿಲ್ಲ.

ಮಧ್ಯಂತರದಲ್ಲಿ ಹೊರಗೆ ಬಂದು ಟೀ ತೆಗೆದುಕೊಂಡೆವು. ಅವಳ ಬ್ಯಾಗಿನಲ್ಲಿ ಫೋನು ಬಡಿದುಕೊಂಡಿತು. ತೆಗೆದು ನೋಡಿದಳು, ಹೆಸರು ಓದಿ ನನ್ನ ಕೈಗೆ ಟೀ ಲೋಟ ಕೊಟ್ಟಳು. ಆಪರೇಷನ್ ಆದ ಮೇಲೆ ಮಾವ ಯಾರಿಗೂ ಫೋನು ಮಾಡಿದವನಲ್ಲ. ಪಕ್ಕದಲ್ಲಿದ್ದ ನನಗೂ ಆ ಒರಟು ದನಿ ಕೇಳಿಸುತ್ತಿತ್ತು. ಬೂಸ ಎಲ್ಲಿಟ್ಟಿದ್ದೀಯ ಎಂದು ಕೇಳುತ್ತಿದ್ದ. ಕೊಟ್ಟಿಗೆ ಮೂಲೆಯ ಡ್ರಮ್ಮಿನಲ್ಲಿದೆ ಎಂದಳು. ಯಾವ ಡ್ರಮ್ಮು ಎಂದ. ನೀಲಿ ಡ್ರಮ್ಮು ಎಂದಳು. ಅಳತೆಯ ಡಬ್ಬ ಎಲ್ಲಿ ಎಂದ. ಅದನ್ನೂ ಹೇಳಿದಳು.

ಒಳಗೆ ಗಂಟೆ ಹೊಡೆಯಿತು. ಹೊರಗಿದ್ದ ಜನ ಲೋಟ ಬಿಸಾಕಿ ಬಾಗಿಲ ಕಡೆ ಹೊರಟರು. ನಾನು ಅವಳ ಮೊಣಕೈ ಮುಟ್ಟಿ, ಶುರುವಾಯ್ತು ಕಣಕ್ಕ ಎಂದೆ. ಅವಳು ಫೋನನ್ನು ಅಂಗೈಯಲ್ಲಿ ಮುಚ್ಚಿಕೊಂಡು ನನ್ನ ಕಡೆ ಬಗ್ಗಿದಳು.

"ಬೂಸ ಎಲ್ಲೈತೆ ಅಂತ ಅವ್ನಿಗೆ ಗೊತ್ತು ಕಣೆ," ಅಂದಳು. "ನೆನ್ನೆ ಮೂಟೆ ತಂದು ಆ ಡ್ರಮ್ಮಿಗೆ ಸುರ್ದೋನು ಅವ್ನೆಯ. ನೀನು ಓಗು, ನಾಟ್ಕ ನೋಡೋಗು."

ಮತ್ತೆ ಫೋನನ್ನು ಕಿವಿಗಿಟ್ಟುಕೊಂಡು ಗೋಡೆಯ ಕಡೆ ತಿರುಗಿದಳು. ಹ್ಞೂ ಮಾವ, ಯೋಳು ಅಂದಳು.